ಮೊದಲ ಏರ್ ರೈಫಲ್: ಕೊಳ್ಳುವ ಮುಂಚೆ ಒಂದಿಷ್ಟು ಮಾತು

ಏರ್ ರೈಫಲ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜಾತ್ರೆಯ ಬಲೂನ್ ಅಂಗಡಿ. ಸೊಟ್ಟ ನಳಿಕೆಯ ಬಂದೂಕು, ಹಲಗೆಗೆ ಸಾಲಾಗಿ ಕಟ್ಟಿದ ಬಲೂನು, ಪಕ್ಕದಲ್ಲಿ ಕಡ್ಲೆಪುರಿ. ಇನ್ನು ಕೆಲವರಿಗೆ ನೆನಪಾಗುವುದು 2008ರ ಬೀಜಿಂಗ್ ಒಲಿಂಪಿಕ್ಸ್. 10 ಮೀಟರ್ ಏರ್ ರೈಫಲ್ ಫೈನಲ್‌ನ ಕೊನೆಯ ಗುಂಡಿಗೆ 10.8 ಹೊಡೆದು, ಒಟ್ಟು 700.5 ಅಂಕ ಮಾಡಿ, ಅಭಿನವ್ ಬಿಂದ್ರಾ ಈ ದೇಶಕ್ಕೆ ಮೊಟ್ಟಮೊದಲ ವೈಯಕ್ತಿಕ ಚಿನ್ನ ತಂದ ದಿನ. ಈ ಎರಡೂ ಏರ್ ರೈಫಲ್ಲೇ. ಆದರೆ ಎರಡರ ನಡುವಿನ ದೂರ ಎಷ್ಟು ಅನ್ನುವುದು ಮಗನಿಗೋ ಮಗಳಿಗೋ ಒಂದು ರೈಫಲ್ ಕೊಡಿಸಲು ಹೊರಟ ಅಪ್ಪ ಅಮ್ಮನಿಗೆ ಮಾತ್ರ ಗೊತ್ತಾಗುತ್ತದೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಐದು ವರ್ಷದಿಂದ ಶನಿವಾರ ಭಾನುವಾರ ಒಂದು ಕ್ಲಬ್ಬಿನ ರೇಂಜಿಗೆ ಹೋಗಿ ಹತ್ತು ಮೀಟರ್ ದೂರದ ಕಾಗದಕ್ಕೆ ಗುಂಡು ಹೊಡೆಯುತ್ತೇನೆ. ದೊಡ್ಡ ಪದಕವೇನೂ ಇಲ್ಲ. ಆದರೆ ಹೊಸಬರು ಬಂದಾಗ 'ಯಾವ ರೈಫಲ್ ತಗೋಬೇಕು ಸರ್?' ಅಂತ ಮೊದಲು ಕೇಳುವುದು ನನ್ನಂಥವರನ್ನೇ. ಕೋಚ್ ಹತ್ತಿರ ಕೇಳಲು ಅವರಿಗೆ ಸಂಕೋಚ.

ಈ ಸಲ ಆ ಪ್ರಶ್ನೆ ನಮ್ಮ ಮನೆಯಿಂದಲೇ ಬಂತು. ಅಕ್ಕನ ಮಗಳು ಮೈಸೂರಿನಲ್ಲಿ ಎಂಟನೇ ಕ್ಲಾಸು. ಬೇಸಿಗೆ ಶಿಬಿರದಲ್ಲಿ ಹತ್ತು ದಿನ ಶೂಟಿಂಗ್ ಕಲಿತಳು, ಹಿಡಿಸಿಬಿಟ್ಟಿತು. ಒಂದು ರಾತ್ರಿ ಭಾವ ಫೋನ್ ಮಾಡಿದರು.

'ಒಂದು ಜರ್ಮನ್ ರೈಫಲ್ ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ ಕಣಪ್ಪ. ಒಂದು ಲಕ್ಷದ ನಲವತ್ತು ಸಾವಿರ ಹೇಳ್ತಿದಾರೆ. ಚೀಟಿ ಎತ್ತಿದ ದುಡ್ಡಿದೆ. ತಗೊಂಡ್‌ಬಿಡ್ಲಾ?'

'ಒಂದು ವಾರ ತಡೀರಿ ಭಾವ. ಫೋಟೋ ಎಲ್ಲ ಕಳಿಸಿ, ನೋಡಿ ಹೇಳ್ತೀನಿ' ಅಂದೆ.

ಆ ಒಂದು ವಾರದಲ್ಲಿ ನಾನು ಭಾವನಿಗೆ ಏನೇನು ಹೇಳಿದೆನೋ ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೇ ಮಾತು ನಡೆಯುತ್ತಿದ್ದರೆ ಉಪಯೋಗಕ್ಕೆ ಬಂದೀತು.

ಗುರಿ ಏನು ಅನ್ನುವುದು ಮೊದಲು

ಹತ್ತು ಮೀಟರ್ ಆಟದ ಗುರಿಕಾಗದವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಹತ್ತು ಅಂಕದ ಜಾಗ ಒಂದು ಚುಕ್ಕೆ ಅಷ್ಟೇ, ಅದರ ಅಗಲ ಅರ್ಧ ಮಿಲಿಮೀಟರ್. ಪೆನ್ನಿನ ತುದಿ ತಾಗಿಸಿದರೆ ಮುಚ್ಚಿಹೋಗುತ್ತದೆ. ಒಂಬತ್ತರ ಉಂಗುರ 5.5 ಮಿಲಿಮೀಟರ್. ಒಂದು ಅಂಕದ ಹೊರ ಉಂಗುರದವರೆಗೆ ಲೆಕ್ಕ ಹಾಕಿದರೂ ಇಡೀ ಗುರಿ 45.5 ಮಿಲಿಮೀಟರ್, ಅಂದರೆ ಒಂದು ಸಣ್ಣ ನಿಂಬೆಹಣ್ಣಿನಷ್ಟು. ಹಾರುವ ಗುಂಡಿನ ವ್ಯಾಸ 4.5 ಮಿಲಿಮೀಟರ್. ಅದರ ಅಂಚು ಆ ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ.

ಹಾಗಾಗಿ ಈ ಆಟದಲ್ಲಿ ರೈಫಲ್‌ನಿಂದ ಬೇಕಾದದ್ದು ಜೋರಲ್ಲ, ಒಂದೇ ಥರ ಇರುವ ಗುಣ. ಇವತ್ತು ಎಲ್ಲಿಗೆ ಹೊಡೆಯಿತೋ ನಾಳೆಯೂ ಅಲ್ಲಿಗೇ ಹೊಡೆಯಬೇಕು. ಅಂಗಡಿಯಲ್ಲಿ 'ಸಾವಿರ ಅಡಿ ವೇಗ ಇದೆ ಸರ್, ಡಬ್ಬ ತೂತು ಬೀಳುತ್ತೆ' ಅಂತ ತೋರಿಸುವ ಬಂದೂಕು ನಮಗೆ ಬೇಡ. ಒಲಿಂಪಿಕ್ಸ್‌ನಲ್ಲಿ ಬಳಸುವ ರೈಫಲ್ಲೇ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಗುಂಡು ಕಳಿಸುತ್ತದೆ. ಶಕ್ತಿ ಸುಮಾರು ಏಳೂವರೆ ಜೌಲ್. ಹತ್ತು ಮೀಟರ್ ದೂರದ ಕಾಗದ ಹರಿಯಲು ಅಷ್ಟು ಧಾರಾಳ.

ಜೊತೆಗೆ ಟೆಲಿಸ್ಕೋಪ್ ಕೊಡುತ್ತೇವೆ ಅಂದರೂ ಆಸೆ ಪಡಬೇಡಿ. ಈ ಸ್ಪರ್ಧೆಯಲ್ಲಿ ದುರ್ಬೀನು ಇಡುವಂತಿಲ್ಲ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಒಂದು ಉಂಗುರ, ಆ ಉಂಗುರದೊಳಗೆ ಕಪ್ಪು ಗುರಿಯನ್ನು ಕೂರಿಸುವುದು. ನಮ್ಮ ದೇಶದ ಸ್ಪರ್ಧೆಗಳಲ್ಲಿ ಹೊಸಬರಿಗಾಗಿ ಓಪನ್ ಸೈಟ್ ವಿಭಾಗವೂ ಇದೆ. ನಿಮ್ಮ ಮಗು ಯಾವುದರಲ್ಲಿ ಆಡುತ್ತದೆ ಅನ್ನುವುದನ್ನು ಕೋಚ್ ಹತ್ತಿರ ಕೇಳಿಕೊಂಡೇ ಅಂಗಡಿಗೆ ಹೋಗಿ.

ಸ್ಪ್ರಿಂಗೋ, ಗಾಳಿ ಸಿಲಿಂಡರೋ

ಗಾಳಿ ಬಂದೂಕುಗಳಲ್ಲಿ ಹೊಸಬರ ಮುಂದೆ ಬರುವುದು ಎರಡು ಜಾತಿ.

ಒಂದು ಸ್ಪ್ರಿಂಗಿನದು. ನಳಿಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಮಡಚಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿ ಒತ್ತಿ ಗುಂಡನ್ನು ತಳ್ಳುತ್ತದೆ. ನಮ್ಮ ದೇಶದಲ್ಲೇ ತಯಾರಾಗುತ್ತದೆ, ಹತ್ತಿಪ್ಪತ್ತು ಸಾವಿರಕ್ಕೆ ಸಿಗುತ್ತದೆ, ರಿಪೇರಿ ಸುಲಭ. ತೊಂದರೆ ಏನೆಂದರೆ, ಗುಂಡು ನಳಿಕೆ ಬಿಟ್ಟು ಹೊರಡುವ ಮುಂಚೆಯೇ ಒಳಗಿನ ಭಾರದ ಪಿಸ್ಟನ್ ಓಡಾಡಿ ಇಡೀ ಬಂದೂಕನ್ನು ಅಲುಗಿಸಿಬಿಡುತ್ತದೆ. ನೀವು ಹಿಡಿದ ರೀತಿ ಕೊಂಚ ಬದಲಾದರೂ ಗುಂಡು ಬೇರೆ ಕಡೆ. ಹಾಗಾಗಿ ಹೊಸಬರಿಗೆ ತಪ್ಪು ತನ್ನದೋ ಬಂದೂಕಿನದೋ ಅಂತ ಗೊತ್ತೇ ಆಗುವುದಿಲ್ಲ. ಕೋಡ್ ಬರೆಯುವವರಿಗೆ ಈ ಪಾಡು ಅರ್ಥವಾಗುತ್ತದೆ. ಎರಡು ಕಡೆ ಒಟ್ಟಿಗೆ ತಪ್ಪಿದ್ದರೆ ಒಂದನ್ನೂ ಹುಡುಕಲಾಗದು.

ಇನ್ನೊಂದು ಪಿಸಿಪಿ, ಅಂದರೆ ಮೊದಲೇ ಒತ್ತಡದಲ್ಲಿ ಗಾಳಿ ತುಂಬಿಟ್ಟ ಸಿಲಿಂಡರ್ ಇರುವುದು. ಸಾಮಾನ್ಯವಾಗಿ 200 ಬಾರ್ ಒತ್ತಡ. ನಮ್ಮ ಕಾರಿನ ಟೈರಿಗೆ ಹಾಕುವುದು ಎರಡೂ ಚಿಲ್ಲರೆ ಬಾರ್ ಅಂದುಕೊಂಡರೆ ಇದು ಎಷ್ಟು ಅನ್ನುವ ಅಂದಾಜು ಸಿಗುತ್ತದೆ. ಟ್ರಿಗರ್ ಒತ್ತಿದಾಗ ಒಂದು ಕವಾಟ ತೆರೆದು ಅಳತೆಯ ಗಾಳಿ ಬಿಡುತ್ತದೆ, ಅಷ್ಟೇ. ಭುಜಕ್ಕೆ ಒದೆತವೇ ಇಲ್ಲ ಅನ್ನಬಹುದು. ಒಮ್ಮೆ ತುಂಬಿದರೆ ನೂರಾರು ಗುಂಡು ಹೊಡೆಯಬಹುದು. ಇವತ್ತು ದೊಡ್ಡ ಸ್ಪರ್ಧೆಗಳಲ್ಲಿ ಕಾಣುವುದು ಇವೇ. ಹೊರದೇಶದ ಹೊಸ ಮ್ಯಾಚ್ ರೈಫಲ್ ಬೆಲೆ ಲಕ್ಷಗಳಲ್ಲಿ. ಫೈನ್‌ವರ್ಕ್‌ಬೌ, ವಾಲ್ಥರ್, ಆನ್ಷುಟ್ಜ್, ಸ್ಟೈರ್ ಅನ್ನುವ ಹೆಸರುಗಳು ರೇಂಜಿನಲ್ಲಿ ದಿನವೂ ಕಿವಿಗೆ ಬೀಳುತ್ತವೆ. ಮಕ್ಕಳಿಗೆಂದೇ ಹಗುರವಾದ ಜೂನಿಯರ್ ಮಾಡೆಲ್‌ಗಳೂ ಇವೆ.

ಇನ್ನೊಂದು ವ್ಯತ್ಯಾಸವನ್ನು ಯಾರೂ ಅಂಗಡಿಯಲ್ಲಿ ಹೇಳುವುದಿಲ್ಲ. ಶೂಟಿಂಗ್ ಅಭ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಗುಂಡಿಲ್ಲದೆ ನಡೆಯುವುದು. ಗೋಡೆಗೆ ಒಂದು ಚುಕ್ಕೆ ಅಂಟಿಸಿ, ನಿಂತು, ಉಸಿರು ಹಿಡಿದು, ಖಾಲಿ ಟ್ರಿಗರ್ ಒತ್ತುವುದು. ಇದಕ್ಕೆ ಡ್ರೈ ಫೈರಿಂಗ್ ಅನ್ನುತ್ತಾರೆ. ಮ್ಯಾಚ್ ಪಿಸಿಪಿ ರೈಫಲ್‌ಗಳಲ್ಲಿ ಇದಕ್ಕೆ ಪ್ರತ್ಯೇಕ ವ್ಯವಸ್ಥೆಯೇ ಇರುತ್ತದೆ. ಸ್ಪ್ರಿಂಗ್ ಬಂದೂಕಿನಲ್ಲಿ ಗುಂಡಿಲ್ಲದೆ ಹೊಡೆದರೆ ಪಿಸ್ಟನ್ ತಡೆಯಿಲ್ಲದೆ ಬಡಿದು ಒಳಗೆ ಹಾಳಾಗುತ್ತದೆ. ಅಂದರೆ ಮನೆಯಲ್ಲಿ ಅಭ್ಯಾಸ ಮಾಡುವ ದಾರಿಯೇ ಮುಚ್ಚಿದ ಹಾಗೆ.

ಹಾಗಂತ ಸ್ಪ್ರಿಂಗ್ ಬಂದೂಕು ಕಡೆಗಣಿಸಬೇಕಿಲ್ಲ. ಓಪನ್ ಸೈಟ್‌ನಲ್ಲಿ ಶುರು ಮಾಡುವವರಿಗೆ, ಇದು ನಮ್ಮ ಮಗುವಿನ ಆಟ ಹೌದೋ ಅಲ್ಲವೋ ಅಂತ ನೋಡಬೇಕಾದವರಿಗೆ ಅದು ಸಾಕು. ಪದಕದ ಮಾತು ಬಂದಾಗ ಪಿಸಿಪಿ ಬಗ್ಗೆ ಯೋಚಿಸಿದರಾಯಿತು.

ಮಗುವಿನ ಅಳತೆಗೆ

ಹತ್ತು ಮೀಟರ್ ರೈಫಲ್ ತೂಕ ಹೆಚ್ಚೆಂದರೆ 5.5 ಕಿಲೋ ಇರಬಹುದು ಅಂತ ನಿಯಮ. ದೊಡ್ಡವರ ರೈಫಲ್‌ಗಳು ಐದು ಕಿಲೋ ಆಸುಪಾಸಿನಲ್ಲಿರುತ್ತವೆ. ಈಗ ಗಂಡಸರಿಗೂ ಹೆಂಗಸರಿಗೂ ಅರ್ಹತಾ ಸುತ್ತಿನಲ್ಲಿ 60 ಗುಂಡು, ಒಂದೂಕಾಲು ಗಂಟೆ. ಐದು ಕಿಲೋ ಅಕ್ಕಿ ಚೀಲವನ್ನು ಎದೆ ಎತ್ತರಕ್ಕೆ ಅರವತ್ತು ಸಲ ಎತ್ತಿ ಅಲುಗಾಡದೆ ನಿಲ್ಲುವುದನ್ನು ಊಹಿಸಿಕೊಳ್ಳಿ. ಹದಿಮೂರು ವರ್ಷದ ಮಗುವಿನ ಬೆನ್ನುಮೂಳೆ ಇನ್ನೂ ಬೆಳೆಯುತ್ತಿರುತ್ತದೆ. 'ಬೆಳೆದ ಮೇಲೂ ಆಗುತ್ತೆ' ಅಂತ ಯೂನಿಫಾರಂ ಹೊಲಿಸಿದ ಹಾಗೆ ದೊಡ್ಡ ರೈಫಲ್ ಕೊಡಿಸಬೇಡಿ.

ನೋಡಬೇಕಾದ್ದು ಇಷ್ಟು. ಹಿಂಬದಿಯ ತುದಿ ಭುಜಕ್ಕೆ ಕೂತಾಗ ಬೆರಳು ಟ್ರಿಗರ್‌ಗೆ ಸಲೀಸಾಗಿ ಸಿಗಬೇಕು. ಕೆನ್ನೆ ಇಟ್ಟಾಗ ಕತ್ತು ಬಗ್ಗಿಸದೆ, ಚಾಚದೆ, ಕಣ್ಣು ಸೈಟಿನ ಹಿಂದೆ ತಾನಾಗಿ ಬರಬೇಕು. ಕೆನ್ನೆಯ ಪಟ್ಟಿ, ಭುಜದ ಪಟ್ಟಿ, ಉದ್ದ ಇವೆಲ್ಲ ಹೊಂದಿಸಿಕೊಳ್ಳುವಂತಿದ್ದರೆ ಮಗು ಬೆಳೆದ ಹಾಗೆ ರೈಫಲ್ ಕೂಡ ಬೆಳೆಯುತ್ತದೆ. ಟ್ರಿಗರ್ ಎರಡು ಹಂತದ್ದಾಗಿರಬೇಕು. ಮೊದಲು ಸ್ವಲ್ಪ ಸರಿದು ಒಂದು ಕಡೆ ತಡೆದಂತಾಗುತ್ತದೆ, ಆಮೇಲೆ ಇನ್ನೊಂಚೂರು ಒತ್ತಿದರೆ ಬಿಡುತ್ತದೆ. ಏರ್ ಪಿಸ್ತೂಲಿಗೆ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು ಅಂತ ನಿಯಮ ಇದೆ, ರೈಫಲ್‌ಗೆ ಅಂಥ ಮಿತಿ ಇಲ್ಲ. ಆದರೂ ಹೊಸಬರಿಗೆ ತೀರಾ ಹಗುರ ಟ್ರಿಗರ್ ಬೇಡ. ಮನಸ್ಸು ಹೇಳುವ ಮುಂಚೆ ಬೆರಳು ಕೆಲಸ ಮುಗಿಸಿರುತ್ತದೆ.

ಇನ್ನು ಕಣ್ಣು. ಎರಡೂ ಕೈ ಮುಂದೆ ಚಾಚಿ, ಅಂಗೈಗಳನ್ನು ಸೇರಿಸಿ ನಡುವೆ ಸಣ್ಣ ತ್ರಿಕೋನದ ಸಂದಿ ಮಾಡಿ, ಅದರ ಮೂಲಕ ದೂರದ ಗಡಿಯಾರ ನೋಡಲು ಮಗುವಿಗೆ ಹೇಳಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲು ಹೇಳಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಸಂದಿಯಲ್ಲೇ ಉಳಿಯುತ್ತದೋ ಅದು ಬಲವಾದ ಕಣ್ಣು. ಬಲಗೈಯವರಿಗೆಲ್ಲ ಬಲಗಣ್ಣೇ ಬಲ ಅಂತೇನಿಲ್ಲ.

ಫೋನಿನಲ್ಲೇ ಇದನ್ನು ಅಕ್ಕನ ಮಗಳಿಗೆ ಮಾಡಿಸಿದೆ. 'ಮಾಮ, ಎಡಗಣ್ಣಲ್ಲಿ ಕಾಣ್ಸುತ್ತೆ, ಬಲಗಣ್ಣಲ್ಲಿ ಗಡಿಯಾರ ಮಾಯ!' ಅಂದಳು. ಊಟ, ಬರಹ ಎಲ್ಲ ಬಲಗೈ. ಇಂಥವರು ಎಡಭುಜಕ್ಕೆ ರೈಫಲ್ ಇಟ್ಟು ಕಲಿಯಬೇಕೋ, ಎಡಗಣ್ಣಿಗೆ ಪಟ್ಟಿ ಅಡ್ಡ ಇಟ್ಟು ಬಲಗಡೆಯಿಂದಲೇ ಆಡಬೇಕೋ ಅನ್ನುವುದನ್ನು ಕೋಚ್ ಎದುರು ನಾಲ್ಕಾರು ವಾರ ನೋಡಿ ತೀರ್ಮಾನಿಸಬೇಕು. ಭಾವ ನೋಡಿದ್ದ ಜರ್ಮನ್ ರೈಫಲ್‌ನ ಹಿಡಿ ಬಲಗೈಯವರಿಗೆಂದೇ ಕೆತ್ತಿದ್ದು.

ಸೆಕೆಂಡ್ ಹ್ಯಾಂಡ್ ಆದರೆ

ಹಳೆಯ ಮ್ಯಾಚ್ ರೈಫಲ್ ಕೊಳ್ಳುವುದು ತಪ್ಪಲ್ಲ. ಒಳ್ಳೆಯ ನಳಿಕೆ ಗಾಳಿ ಬಂದೂಕಿನಲ್ಲಿ ಬಹಳ ಕಾಲ ಬಾಳುತ್ತದೆ. ಸವೆಯುವುದು ರಬ್ಬರ್ ಸೀಲುಗಳು, ಅವನ್ನು ಬದಲಾಯಿಸಬಹುದು. ಆದರೆ ಒಂದು ವಿಷಯ ಮಾತ್ರ ಖಂಡಿತ ನೋಡಿ: ಸಿಲಿಂಡರ್ ಮೇಲೆ ಕೆತ್ತಿರುವ ತಾರೀಖು. ಗಾಳಿ ಸಿಲಿಂಡರ್‌ಗಳ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅದರೊಳಗೇ ಬಳಸಬೇಕಾದ್ದು ಆಟಗಾರನ ಹೊಣೆ ಅನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಅವಧಿ ಮುಗಿದದ್ದಕ್ಕೆ 200 ಬಾರ್ ಗಾಳಿ ತುಂಬಿ ಮಗುವಿನ ಕೆನ್ನೆಯ ಹತ್ತಿರ ಇಡುವುದು ನಿಯಮಕ್ಕಿಂತ ಮುಂಚೆ ಬುದ್ಧಿಗೇ ಒಪ್ಪದ ಮಾತು.

ಭಾವ ಕಳಿಸಿದ ಫೋಟೋ ಹಿಗ್ಗಿಸಿ ನೋಡಿದೆ. ಎರಡು ಸಿಲಿಂಡರ್ ಇದ್ದವು. ಒಂದರ ಅವಧಿ ಮುಗಿದು ವರ್ಷವಾಗಿತ್ತು, ಇನ್ನೊಂದಕ್ಕೆ ಐದು ತಿಂಗಳು ಬಾಕಿ. ಹೊಸ ಸಿಲಿಂಡರ್ ತರಿಸುವುದು ಸಣ್ಣ ಖರ್ಚಲ್ಲ. ಗಾಳಿ ತುಂಬಲು ಪಂಪೋ ದೊಡ್ಡ ಸಿಲಿಂಡರೋ ಬೇರೆ. ಮಾರುವವರು ಕೆಟ್ಟವರೇನಲ್ಲ, ಅವರ ಮಗ ಪಿಯುಸಿಗೆ ಬಂದು ಆಟ ಬಿಟ್ಟಿದ್ದ. ಅವರಿಗೂ ಈ ತಾರೀಖಿನ ವಿಷಯ ಗೊತ್ತಿರಲಿಲ್ಲ.

ರೈಫಲ್ ಒಂದೇ ಅಲ್ಲ

ಬಜೆಟ್ ಹಾಕುವಾಗ ರೈಫಲ್ ಬೆಲೆಯನ್ನೇ ಕೊನೆಯ ಸಾಲು ಅಂದುಕೊಳ್ಳಬೇಡಿ. ದಪ್ಪ ಕ್ಯಾನ್ವಾಸಿನ ಜಾಕೆಟ್, ಪ್ಯಾಂಟ್, ಚಪ್ಪಟೆ ಅಟ್ಟೆಯ ಬೂಟು, ಎಡಗೈಗೆ ಗ್ಲೌಸ್ ಇವೆಲ್ಲ ಬೇಕಾಗುತ್ತವೆ. ಜಾಕೆಟ್ ಮೈಗೆ ಸರಿಯಾಗಿ ಕೂತಿರಬೇಕಾದ್ದರಿಂದ ಬೆಳೆಯುವ ಮಕ್ಕಳಿಗೆ ಅದು ಬೇಗ ಚಿಕ್ಕದಾಗುತ್ತದೆ. ಕ್ಲಬ್ಬಿನಲ್ಲಿ ದೊಡ್ಡ ಮಕ್ಕಳು ಬಿಟ್ಟ ಜಾಕೆಟ್ ಸಿಕ್ಕರೆ ಬಿಡಬೇಡಿ. ಗುಂಡು ನಿರಂತರ ಖರ್ಚು. ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್ ಮಾತ್ರ ತಗೊಳ್ಳಿ, ಅದು ಕಾಗದದಲ್ಲಿ ಬಸ್ ಟಿಕೆಟ್ ಪಂಚ್ ಮಾಡಿದಂತೆ ದುಂಡನೆ ತೂತು ಕೊಡುತ್ತದೆ, ಅಂಕ ಎಣಿಸಲು ಗೊಂದಲವಿಲ್ಲ. 4.49, 4.50 ಅಂತ ಡಬ್ಬಿಯ ಮೇಲೆ ಬರೆದಿರುವುದು ತಲೆಯ ಅಳತೆ. ಯಾವುದು ನಿಮ್ಮ ನಳಿಕೆಗೆ ಒಗ್ಗುತ್ತದೆ ಅಂತ ಹೊಡೆದೇ ನೋಡಬೇಕು. ಪೆಲೆಟ್ ಸೀಸದ್ದು. ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಟಿಫನ್ ಡಬ್ಬಿ ಮುಟ್ಟಬಾರದು ಅನ್ನುವುದನ್ನು ಮೊದಲ ದಿನವೇ ರೂಢಿ ಮಾಡಿಸಿ.

ಕಾನೂನು, ಕೊಕ್ಕರೆ, ಕಪಾಟು

2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್, ಅಂದರೆ 0.177 ಕ್ಯಾಲಿಬರ್ ಮೀರದ, 20 ಜೌಲ್ ಶಕ್ತಿ ದಾಟದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಕಿಲ್ಲ. ಹತ್ತು ಮೀಟರ್ ಆಟದ ರೈಫಲ್‌ಗಳೆಲ್ಲ ಇದರೊಳಗೇ ಬರುತ್ತವೆ. ಬಿಲ್ಲು, ಗುರುತಿನ ಚೀಟಿಯ ನಕಲು ರೈಫಲ್ ಪೆಟ್ಟಿಗೆಯಲ್ಲೇ ಇಡಿ. ದಾರಿಯಲ್ಲಿ ಪೊಲೀಸರು ಕೇಳಿದರೆ ಮಾತು ಬೇಗ ಮುಗಿಯುತ್ತದೆ.

ಲೈಸೆನ್ಸ್ ಬೇಡ ಅಂದರೆ ಆಟಿಕೆ ಅಂತ ಅಲ್ಲ. ಹತ್ತಿರದಿಂದ ಕಣ್ಣಿಗೆ ತಗುಲಿದರೆ ಕಣ್ಣು ಹೋಯಿತು. ಊರ ಕಡೆ ಹುಡುಗರು ಏರ್ ಗನ್ ಕೈಗೆ ಬಂದ ಕೂಡಲೇ ಕೆರೆ ಏರಿ ಹತ್ತಿ ಕೊಕ್ಕರೆಗೋ ಪಾರಿವಾಳಕ್ಕೋ ಗುರಿ ಇಡುತ್ತಾರೆ. ಕಾಡುಹಕ್ಕಿ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಷ್ಟೇ ಅಲ್ಲ, ಹಾಗೆ ಬೆಳೆದ ಕೈಗೆ ರೇಂಜಿನ ಶಿಸ್ತು ಕೂರುವುದಿಲ್ಲ. ಬಂದೂಕು ಯಾವಾಗಲೂ ತುಂಬಿದೆ ಅಂತಲೇ ತಿಳಿಯುವುದು, ನಳಿಕೆ ಗುರಿಯ ಕಡೆಗೇ ಇರುವುದು, ಹೊಡೆಯುವ ಗಳಿಗೆಯವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರುವುದು, ಈ ಮೂರು ರಕ್ತಕ್ಕೆ ಇಳಿದ ಮೇಲೆಯೇ ಮನೆಗೆ ರೈಫಲ್ ಬರಲಿ. ಬಂದ ಮೇಲೆ ಬೀಗ ಹಾಕಿದ ಕಪಾಟು, ಪೆಲೆಟ್ ಬೇರೆ ಕಡೆ. ಬೇಸಿಗೆಯಲ್ಲಿ ಕಾರಿನೊಳಗೆ ತುಂಬಿದ ಸಿಲಿಂಡರ್ ಬಿಡಬೇಡಿ.

ಹೆಗಲ ಮೇಲಿನ ಭಾರ

ಇಷ್ಟೆಲ್ಲ ಲೆಕ್ಕ ಹೇಳಿದರೂ ಭಾವನ ಮನಸ್ಸು ಬದಲಿಸಿದ್ದು ಸಿಲಿಂಡರ್ ತಾರೀಖಲ್ಲ. ಅಕ್ಕ ಮರುದಿನ ಫೋನ್ ಮಾಡಿದಳು.

'ಇವಳು ನಿನ್ನೆ ರಾತ್ರಿ ಮಲಗೋವಾಗ ಏನ್ ಕೇಳಿದ್ಲು ಗೊತ್ತೇನೋ? ನಾನು ಶೂಟಿಂಗ್ ಬಿಟ್ಟುಬಿಟ್ರೆ ಅಪ್ಪನ ಚೀಟಿ ದುಡ್ಡು ವಾಪಸ್ ಬರುತ್ತಾ ಅಮ್ಮ, ಅಂತ.'

ಹತ್ತು ದಿನ ಆಡಿದ ಮಗು. ಇನ್ನೂ ರೈಫಲ್ ಬಂದಿಲ್ಲ. ಆಗಲೇ ಅದರ ಸಾಲ ಲೆಕ್ಕ ಹಾಕುತ್ತಿದೆ. ಈ ಆಟದಲ್ಲಿ ಕೈ ನಡುಗಿಸುವುದು ಇಂಥ ಯೋಚನೆಯೇ. ಎದೆಬಡಿತದ ಸದ್ದು ಕೂಡ ನಳಿಕೆಯ ತುದಿಯಲ್ಲಿ ಕಾಣುವ ಆಟವಿದು. ಅಪ್ಪನ ದುಡ್ಡಿನ ಚಿಂತೆ ಕಾಣದೆ ಇದ್ದೀತೇ?

ಅಕ್ಕ ಇದನ್ನೇ ಭಾವನಿಗೂ ಹೇಳಿದಳಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರಿ, ಕ್ಲಬ್ಬಿನದ್ದರಲ್ಲೇ ಆಡ್ಲಿ' ಅಂದರಂತೆ.

ಎಂಟು ತಿಂಗಳು ಅವಳು ಕ್ಲಬ್ಬಿನ ರೈಫಲ್‌ನಲ್ಲಿ ಕಲಿತಳು. ಮೊದಲ ತಿಂಗಳು ಮೇಜಿನ ಮೇಲೆ ಆಸರೆ ಕೊಟ್ಟು, ಆಮೇಲೆ ನಿಂತು. ಕೋಚ್ ನೋಡಿ ಎಡಭುಜಕ್ಕೇ ಬದಲಾಯಿಸಿದರು. ಈ ವರ್ಷ ಎರಡೂ ಕೈಗೆ ಹೊಂದಿಸಬಹುದಾದ, ಕಡಿಮೆ ತೂಕದ ಒಂದು ಆರಂಭಿಕ ಪಿಸಿಪಿ ತೆಗೆದುಕೊಂಡರು, ಭಾವ ಮೊದಲು ಅಂದುಕೊಂಡಿದ್ದಕ್ಕಿಂತ ಕಮ್ಮಿ ದುಡ್ಡಿಗೆ. ಬಿಲ್ಲಿನ ಮೊತ್ತ ಮಗಳ ಎದುರು ಇದುವರೆಗೆ ಯಾರೂ ಎತ್ತಿಲ್ಲ. ಅದು ಅಕ್ಕನ ಆಜ್ಞೆ.

ಹಾಗಾದರೆ ಎಲ್ಲಿಂದ ಶುರು?

ಮೊದಲು ರೇಂಜ್ ಹುಡುಕಿ, ಆಮೇಲೆ ಕೋಚ್, ಕೊನೆಗೆ ರೈಫಲ್. ಈ ಕ್ರಮ ತಿರುಗುಮುರುಗಾಗಬಾರದು. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಜೊತೆ ಸೇರಿಕೊಂಡ ಕ್ಲಬ್ ಆದರೆ ಮುಂದೆ ಸ್ಪರ್ಧೆಗೆ ಹೆಸರು ಕೊಡಲು ಸುಲಭ. ಕನಿಷ್ಠ ಮೂರು ತಿಂಗಳು ಕ್ಲಬ್ಬಿನ ರೈಫಲ್ ಬಳಸಿ. ಬೇರೆ ಬೇರೆ ರೈಫಲ್ ಭುಜಕ್ಕೆ ಇಟ್ಟು ನೋಡಿ, ಮಗುವಿನ ಮುಖ ನೋಡಿದರೇ ಯಾವುದು ಕೂತಿತು ಅಂತ ಗೊತ್ತಾಗುತ್ತದೆ.

ನಮ್ಮ ರಾಜ್ಯದ ಮಕ್ಕಳಿಗೆ ಈ ಆಟ ದೂರದ್ದೇನಲ್ಲ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೈರೋ ವಿಶ್ವಕಪ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಕಂಚು ಗೆದ್ದಾಗ ಇನ್ನೂ ಹದಿನಾಲ್ಕರ ಹುಡುಗಿ. ತಡವಾಯಿತು ಅನ್ನುವ ದೊಡ್ಡವರಿಗೂ ಉದಾಹರಣೆ ಇದೆ. ನಮ್ಮ ಸಾಫ್ಟ್‌ವೇರ್ ಕಸುಬಿನವರೇ ಆದ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲ್ ಕಂಚು ಪಡೆದು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ಆಗ ಅವರಿಗೆ ನಲವತ್ತು.

ಅಂಗಡಿಗೆ ಹೋಗುವ ದಿನ ಒಂದು ಚೀಟಿಯಲ್ಲಿ ಐದು ಸಾಲು ಬರೆದುಕೊಂಡು ಹೋಗಿ: ಯಾವ ವಿಭಾಗ, ಯಾವ ಕಣ್ಣು, ಎಷ್ಟು ತೂಕ, ಸಿಲಿಂಡರ್ ತಾರೀಖು, ರಿಪೇರಿ ಎಲ್ಲಿ. ಐದಕ್ಕೂ ಉತ್ತರ ಸಿಕ್ಕರೆ ದುಡ್ಡು ಕೊಡಿ. ಒಂದಕ್ಕೆ ಸಿಗದಿದ್ದರೂ ಬರಿಗೈಯಲ್ಲಿ ವಾಪಸ್ ಬನ್ನಿ. ಮುಂದಿನ ಭಾನುವಾರವೂ ಕ್ಲಬ್ಬಿನ ರೈಫಲ್ ಅಲ್ಲೇ ಇರುತ್ತದೆ.